ಮನೆ ಹಿಂದಿನ ಸಂದಿ

ತಮಿಳು ಸೀಮೆಯ ರಾಯಪುರಂ ಬಸ್ ಸ್ಟಾಪಿನಲ್ಲಿ ಕುಂದಾಪುರದ ಕಡೆಯ ಕನ್ನಡ ಕಿವಿಗೆ ಬಿದ್ದದ್ದೇ, ಗೋದಾಬಾಯಿ ತಮ್ಮ ಬಸ್ಸು ಬಂದರೂ ಏಳದೆ ಕೂತರು. ಪಕ್ಕದಲ್ಲಿ ಮೀನು ಕೆಲಸದ ಅಕ್ಕ ತಂಗಿ. ತಂಗಿಯ ಕೈಯಲ್ಲಿ ಫೋನು.

“ಅಕ್ಕ, ಪಂಚಾಯ್ತಿ ಮೆಂಬರು ಮತ್ತೆ ಕೇಂತ್ರ್. ಕಡಲಿಗೆ ಕಲ್ಲು ಹಾಕುದು ನಿನ್ನ ಮನೆ ಹಿಂದೆ ಮಾತ್ರ ಬಾಕಿ ಅಂಬ್ರ್.”

“ನಮ್ಮನೆಯವ್ರು ದೋಣಿ ಇಳ್ಸಿದ್ದು ಅಲ್ಲೇ.”

“ಆ ಸಂದಿಯಿಂದ್ಲೇ ನೀರು ನುಗ್ಗಿ ಪಕ್ಕದ್ಮನೆ ಸುಶೀಲನ ಒಲೆ ಕೊಚ್ಕಂಡ್ ಹೋಯ್ತಲ್ಲೆ. ಅವಳದ್ದು ಸಣ್ಣ ಮಕ್ಳು.”

“ಗೊತ್ತಿತ್ತ್.”

“ಭಾವ ಕಡಲಿಗೆ ಹೋಗಿ ಮೂರು ಮಳೆಗಾಲ ಆಯ್ತ್.”

“ಹೆಣ ಕಂಡವ್ರು ಯಾರು? ಎದುರು ಬಾಗಿಲಿಂದ ಅವ್ರು ಯಾವತ್ತೂ ಬಂದವ್ರಲ್ಲ. ನಾನು ಬೀಗ ಹಾಕಿದ್ದೂ ಎದುರಿಗೆ ಮಾತ್ರ. ಹಿಂದಿನ ಬಾಗಿಲು ಹಾಂಗೇ ಬಿಟ್ಟು ಬಂದಿದ್ದೆ.”

ತಂಗಿ ಫೋನಿನಲ್ಲಿ ಮೆಂಬರರ ನಂಬರು ತೆಗೆದಳು.

“ಮೆಂಬರಿಗೆ ಎಂತ ಹೇಳ್ಲಿ?”

“ಮುಚ್ಚಿ ಅನ್ನು. ಅದಕ್ಕೆ ಮುಂಚೆ ನಾನು ಹೋಗಿ ಅವ್ರನ್ನ ಒಳಗೆ ಕರ್ಕಣ್ಕ್.”

“ನಿಂಗೆ ಮರ್ಲಾ? ಕರೆದ್ರೆ ಬತ್ರಾ?”

“ಕರೀದೆ ಹ್ಯಾಂಗೆ ಬತ್ರ್?”

ಅಕ್ಕ ಬುಟ್ಟಿಯನ್ನು ತಂಗಿಯ ಮಡಿಲಿಗಿಟ್ಟು, ಊರಿನ ರೈಲು ಹಿಡಿಯಲು ಸೆಂಟ್ರಲ್ ಸ್ಟೇಷನ್ನಿನ ಬಸ್ಸು ಹತ್ತಿದಳು.