ಮೂಲೆಯ ಮಗ್ಗಕ್ಕೆ ಹೇಳಿದ ಕೆಲಸ

ಹಗಲಿನಲ್ಲಿ ಹೇಳಿದರೆ ನಗುವವರಿರುತ್ತಾರೆ. ಆದ್ದರಿಂದ ಇದನ್ನು ದೀಪ ಸಣ್ಣದು ಮಾಡಿದ ಮೇಲೆಯೇ ಹೇಳುವುದು. ನಡೆದದ್ದು ದೂರದ ಊರಿನಲ್ಲಲ್ಲ, ಮುಳ್ಳೂರಿನಲ್ಲಿ. ಗುರುತಿಲ್ಲದವರಿಗಲ್ಲ, ನಮ್ಮ ಬೀದಿಯ ಕೊನೆಯ ಮನೆಯ ಯಶೋದಳಿಗೆ.

ಅಂದು ಯಶೋದ ಕೊಳ್ಳೇಗಾಲದಿಂದ ಕೊನೆಯ ಬಸ್ಸಿನಲ್ಲಿ ಬಂದಿಳಿದಳು. ಬಸ್ಸು ತಿರುಗಿ ಹೋಯಿತು. ಅದರ ಸದ್ದು ಅಡಗಿದ ಮೇಲೆ ಬೀದಿಯಲ್ಲಿ ಅವಳ ಚಪ್ಪಲಿಯ ಸದ್ದೊಂದೇ. ಮನೆಗೆ ಹೋಗುವ ದಾರಿಯಲ್ಲಿ ಹಳೆಯ ಸೇದುಬಾವಿ ಇದೆ. ನಲ್ಲಿ ಬಂದ ಮೇಲೆ ಅದರಲ್ಲಿ ನೀರು ಸೇದುವವರಿಲ್ಲ. ರಾಟೆ ತುಕ್ಕು ಹಿಡಿದು ನಿಂತಿದೆ. ಬಾವಿಯ ಆಚೆಗೆ ಮಗ್ಗದ ಶೆಡ್ಡು. ಹೊತ್ತು ಮುಳುಗುತ್ತಲೇ ಅದಕ್ಕೆ ಬೀಗ ಬೀಳುತ್ತದೆ.

ಬಾವಿಯ ಕಟ್ಟೆಯ ಹತ್ತಿರ ಬಂದಾಗ ಅವಳಿಗೆ ಕೇಳಿಸಿತು.

ಕಿರ್ರ್... ಸುರ್ರ್... ಟಕ್. ಧಡ್.

ಯಶೋದ ನಿಂತಳು. ಕಿರ್ರ್ ಎಂದದ್ದು ತುಳಿಮಣೆ. ಸುರ್ರ್ ಎಂದದ್ದು ಹಾಸಿನ ಉದ್ದೆಳೆಗಳ ನಡುವೆ ಓಡಿದ ಲಾಳಿ. ಟಕ್ ಎಂದು ಅದು ಎದುರಿನ ಪೆಟ್ಟಿಗೆಗೆ ಬಡಿಯಿತು. ಧಡ್ ಎಂದದ್ದು ನೂಲನ್ನು ಕುಟ್ಟುವ ಹಲಗೆ. ಯಾರೋ ನೇಯುತ್ತಿದ್ದಾರೆ... ದೀಪವಿಲ್ಲದೆ.

ಧಡ್. ಧಡ್. ಆಮೇಲೆ ಒಂದು ಉಸಿರಿನಷ್ಟು ತಡೆ. ಮೂರನೆಯ ಪೆಟ್ಟು ಟೊಳ್ಳು... ಧಪ್.

ಎರಡು ಪೆಟ್ಟು ತುಂಬಿ, ಮೂರನೆಯದನ್ನು ಅರ್ಧಕ್ಕೆ ಬಿಡುವ ಕೈ ಆ ಶೆಡ್ಡಿನಲ್ಲಿ ಒಂದೇ ಇತ್ತು. ಬಲಭುಜ ಸವೆದ ಕೈ. ಆ ಮಗ್ಗದ ಕೆಳಗೆ ಕಟ್ಟಿದ ಜೋಲಿಯಲ್ಲಿಯೇ ಯಶೋದ ಬೆಳೆದದ್ದು, ಅವಳಿಗೆ ತಪ್ಪುವಂತಿರಲಿಲ್ಲ. ಅದು ಅವಳ ತಾಯಿ ಪುಟ್ಟಮಾದಮ್ಮನ ಕೈ. ಪುಟ್ಟಮಾದಮ್ಮ ತೀರಿಕೊಂಡು ಆಗಲೇ ಒಂದು ಮಳೆಗಾಲ ಕಳೆದಿತ್ತು.

ಅವಳು ಬಾಗಿಲಿನ ಹತ್ತಿರ ಹೋದಳು. ಬೀಗ ಹಾಕಿದಂತೆಯೇ ಇತ್ತು. ಹಲಗೆಗೆ ಕಿವಿಗೊಟ್ಟಳು.

"ಅವ್ವಾ..." ಎಂದಳು, ತನಗೇ ಕೇಳಿಸದಷ್ಟು ಮೆಲ್ಲಗೆ.

ಸದ್ದು ನಿಂತಿತು.

ಒಳಗೆ ಯಾರೋ ಉಸಿರು ಬಿಗಿಹಿಡಿದ ಹಾಗೆ... ಏನೂ ಇಲ್ಲ. ಬಳಿಕ ಮತ್ತೆ ಶುರುವಾಯಿತು. ಮೊದಲಿಗಿಂತ ಬೇಗಬೇಗ. ಮೇಸ್ತ್ರಿ ಬಂದು ಬೈದು ಹೋದ ಮೇಲೆ ನೇಯುವ ಹಾಗೆ.

ಯಶೋದಳಿಗೆ ಆಗ ತಾನು ಸಂಜೆ ಮಾಡಿದ್ದು ನೆನಪಾಯಿತು.

ಅವಳು ರುದ್ರಸ್ವಾಮಿಯವರ ಕೊಳ್ಳೇಗಾಲದ ಕಚೇರಿಯಲ್ಲಿ ಕಂಪ್ಯೂಟರಿನ ಕೆಲಸಕ್ಕಿದ್ದಳು. ರುದ್ರಸ್ವಾಮಿ ರೇಷ್ಮೆ ಸೀರೆಯ ವ್ಯಾಪಾರಿ. ಮುಳ್ಳೂರಿನ ಶೆಡ್ಡೂ ಅವರದೇ. ಅವರ ಸೀರೆಗಳಿಗೆ ಒಂದು ಆನ್‌ಲೈನ್ ಅಂಗಡಿ ಇತ್ತು. ಆ ಅಂಗಡಿಯನ್ನು ತನ್ನ ತಂತ್ರಾಂಶಕ್ಕೆ ಜೋಡಿಸಿದರೆ ಮಾತ್ರ ಸೀರೆ ಕೊಳ್ಳುವುದಾಗಿ ಬೆಂಗಳೂರಿನ ಕಂಪನಿಯೊಂದು ಹೇಳಿತು. ಇಂಟಿಗ್ರೇಷನ್ ಎಂದು ಅದಕ್ಕೆ ಹೆಸರು. ಗಿರಾಕಿ ಅಂಗಡಿಯಲ್ಲಿ ಸೀರೆ ಆರಿಸಿದರೆ ಸಾಕು. ತಂತ್ರಾಂಶವು ನಡುವೆ ನಿಂತು ಗೋದಾಮಿಗೆ, ಲೆಕ್ಕದವರಿಗೆ, ಕೊರಿಯರಿನವರಿಗೆ, ಕೊನೆಗೆ ಸೀರೆ ನೇಯುವ ಮಗ್ಗಕ್ಕೂ ತಾನೇ ಸುದ್ದಿ ಮುಟ್ಟಿಸುತ್ತದೆ. ಶೆಡ್ಡಿನ ಕಂಬಕ್ಕೆ ಒಂದು ಟ್ಯಾಬು ತೂಗುಹಾಕಿದ್ದರು. ಟಿಣ್ ಎಂದರೆ ಕೆಲಸ ಬಂತು. ನೇಯುವವರು ‘ಒಪ್ಪಿದೆ’ ಎಂದು ಒತ್ತಬೇಕು. ನೇಯ್ದಾದ ಮೇಲೆ ‘ಮುಗಿಯಿತು’ ಎಂದು ಒತ್ತಬೇಕು. ಒತ್ತದಿದ್ದರೆ ಮತ್ತೆ ಟಿಣ್. ಉತ್ತರ ಸಿಗುವವರೆಗೆ ಅದು ಸುಮ್ಮನಾಗುವುದಿಲ್ಲ.

"ನಮ್ಮತ್ತೆನೇ ವಾಸಿ ಕಣವ್ವ," ಎಂದಿದ್ದಳು ಹಿರಿಯ ನೇಕಾರಳಾದ ಗುರುಸಿದ್ದಮ್ಮ, ಟ್ಯಾಬನ್ನು ಓರೆಗಣ್ಣಿನಿಂದ ನೋಡಿ. "ಊ ಅಂದ್ರೂ ಊಹೂ ಅಂದ್ರೂ ಒಂದ್ ಗಳಿಗೆಗೆ ಸುಮ್ಗಾಗೋಳು. ಇದು ಬುಡೋದೇ ಇಲ್ವಲ್ಲ!"

ಜೋಡಣೆ ಸರಿಯಾಗಿದೆಯೇ ಎಂದು ನೋಡಲು ಯಶೋದಳಿಗೆ ಒಂದು ಸುಳ್ಳು ಆರ್ಡರ್ ಬೇಕಾಗಿತ್ತು. ನಿಜವಾದ ಮಗ್ಗಕ್ಕೆ ಕಳುಹಿಸಿದರೆ ನೇಯುವವರಿಗೆ ಗೊಂದಲ. ಮೂಲೆಯ ಮಗ್ಗ ಖಾಲಿ ಇದೆಯಲ್ಲ, ಅಲ್ಲಿ ಯಾರಿಗೂ ತೊಂದರೆಯಿಲ್ಲ... ಹೀಗೆಂದುಕೊಂಡು ತಾಯಿಯ ಮಗ್ಗವನ್ನು ಆರಿಸಿದಳು. ನೇಯುವವರ ಹೆಸರಿನ ಜಾಗವನ್ನು ಖಾಲಿ ಬಿಡಲು ತಂತ್ರಾಂಶ ಒಪ್ಪಲಿಲ್ಲ. ‘ಪುಟ್ಟಮಾದಮ್ಮ’ ಎಂದು ಬರೆದಳು. ಮಗ್ಗದ ಮೇಲಿದ್ದ ಅರ್ಧ ಸೀರೆಯ ಚಿತ್ರವನ್ನೇ ಅಂಗಡಿಯಲ್ಲಿ ಇಟ್ಟಳು. ಗಿಣಿಹಸಿರು ಮೈ, ಕುಂಕುಮದ ಅಂಚು. ಆರ್ಡರ್ ಕಳುಹಿಸಿದಳು.

ಶೆಡ್ಡಿನಿಂದ ಉತ್ತರ ಬಂತು. ಒಪ್ಪಿದೆ.

ಅಷ್ಟು ಹೊತ್ತಿಗೆ ಶೆಡ್ಡಿಗೆ ಬೀಗ ಬಿದ್ದಿತ್ತು. ಅದು ಯಶೋದಳಿಗೆ ಹೊಳೆಯಲಿಲ್ಲ. ಜೋಡಣೆ ಕೂಡಿಬಂತೆಂದು ಸಂತೋಷಪಟ್ಟು, ಕಂಪ್ಯೂಟರ್ ಆರಿಸಿ, ಬಸ್ಸಿಗೆ ಓಡಿದ್ದಳು.

ಮುಳ್ಳೂರಿನ ಆ ಶೆಡ್ಡಿನವರಲ್ಲಿ ಒಂದು ಪದ್ಧತಿ ಇದೆ. ನೇಯುವವರು ತೀರಿಕೊಂಡರೆ, ತಿಥಿಯ ದಿನ ಹಿರಿಯರೊಬ್ಬರು ಅವರ ಮಗ್ಗದ ಮೇಲಿನ ಬಟ್ಟೆಯನ್ನು ಕತ್ತರಿಸಿ, ಲಾಳಿಯನ್ನು ತೊಲೆಗೆ ಬೋರಲು ಕಟ್ಟಿ, "ಕೆಲಸ ಮುಗೀತು ತಾಯಿ, ಎದ್ದೇಳು" ಎನ್ನಬೇಕು. ಅದಕ್ಕೆ ಬಿಡುವು ಹೇಳುವುದು ಎನ್ನುತ್ತಾರೆ. ಬಿಡುವು ಹೇಳುವವರೆಗೆ ಆ ಮಗ್ಗಕ್ಕೆ ಯಾರೂ ಕೆಲಸ ಹೇಳುವಂತಿಲ್ಲ. ಅದರ ಬಳಿ ಸತ್ತವರ ಹೆಸರು ಕರೆಯುವಂತಿಲ್ಲ. ಪುಟ್ಟಮಾದಮ್ಮನ ಮಗ್ಗಕ್ಕೆ ಬಿಡುವು ಹೇಳಿರಲಿಲ್ಲ. ಅರ್ಧ ನೇಯ್ದ ಅಪ್ಪಟ ರೇಷ್ಮೆಯನ್ನು ಕತ್ತರಿಸಲು ರುದ್ರಸ್ವಾಮಿಗೆ ಮನಸ್ಸು ಬರಲಿಲ್ಲ. ಇವತ್ತು ನಾಳೆ ಎಂದು ದಿನ ದೂಡಿದ್ದರು.

ಮತ್ತೊಂದು ಮಾತು. ಪುಟ್ಟಮಾದಮ್ಮ ಮಗಳಿಗೆ ಎಂದೂ ಮಗ್ಗ ಮುಟ್ಟಲು ಬಿಟ್ಟವಳಲ್ಲ. ಲಾಳಿ ಹಿಡಿದರೆ ಕೈಮೇಲೆ ಹೊಡೆಯುತ್ತಿದ್ದಳು. ಸಾಯುವ ಮುಂಚೆ ಚಾಪೆಯ ಮೇಲೆ ಮಲಗಿ, ಎತ್ತಲಾರದ ಬಲಗೈಯನ್ನು ಎಡಗೈಯಿಂದ ಎತ್ತಿ ಎದೆಯ ಮೇಲೆ ಇಟ್ಟುಕೊಂಡು, ಒಂದೇ ಮಾತು ಕೇಳಿದಳು. "ಸಾಕಾಗ್ಬುಟ್ಟದೆ ಮಗಾ... ಇನ್ಯಾರೂ ನನ್ನ ಕೆಲಸಕ್ ಕರೀಬಾರ್ದು."

"ಯಾರೂ ಕರಿಯಕಿಲ್ಲ ಕಣವ್ವ. ಮಾದಪ್ಪನಾಣೆ," ಎಂದಿದ್ದಳು ಯಶೋದ.

ಕರೆದವಳು ಅವಳೇ.

ಬೆಳಿಗ್ಗೆ ಬೀಗ ತೆಗೆಯುವುದಕ್ಕೆ ಮೊದಲೇ ಅವಳು ಬಾಗಿಲಿನಲ್ಲಿದ್ದಳು. ಗುರುಸಿದ್ದಮ್ಮ ಬುತ್ತಿ ಹಿಡಿದು ಬಂದಳು.

"ಏನವ್ವ ಕಂಪ್ಯೂಟ್ರಮ್ಮ, ಇಷ್ಟೊತ್ಗೇ? ರಾತ್ರಿ ನಿದ್ದೆ ಮಾಡ್ದಂಗಿಲ್ಲ. ಗಂಡು ಗಿಂಡು ನೋಡಕ್ ಬಂದಿದ್ರಾ?"

ಬೀಗ ತೆಗೆದ ಕೂಡಲೇ ಯಶೋದ ಒಳಗೆ ಹೋಗಿ ಮೂಲೆಯ ಮಗ್ಗವನ್ನು ತೋರಿಸಿದಳು. ಅರ್ಧ ನಿಂತಿದ್ದ ಸೀರೆ ಸೆರಗಿನವರೆಗೆ ಬಂದಿತ್ತು. ಸೆರಗಿನ ಅಂಚಿನಲ್ಲಿ ಒಂದು ಹಸಿರು ಗಂಟು. ಸೀರೆ ಮುಗಿಸಿದಾಗಲೆಲ್ಲ ಪುಟ್ಟಮಾದಮ್ಮ ಹಾಕುತ್ತಿದ್ದ ಗುರುತು. ಕುಳಿತುಕೊಳ್ಳುವ ಹಲಗೆಯ ಮೇಲೆ ಧೂಳು ಹಾಗೆಯೇ ಇತ್ತು.

ಗುರುಸಿದ್ದಮ್ಮನ ಬುತ್ತಿ ನೆಲ ಮುಟ್ಟಿತು. "ಯಾರ್ ಕೆಲಸ ಯೋಳ್ದೋರು?" ಎಂದಳು, ಪಿಸುಮಾತಿನಲ್ಲಿ.

ಯಶೋದ ಹೇಳಿದಳು.

"ಅವ್ಳ ಎಸ್ರು ಇಡ್ಕಂಡಾ?"

"ಊ ಕಣಜ್ಜಿ."

ಗುರುಸಿದ್ದಮ್ಮ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಕತ್ತರಿ ತಂದಳು. "ಈಗ್ಲೇ ಬಿಡುವು ಯೋಳ್ಬುಡಾನ. ಸತ್ತ ಮ್ಯಾಲೆ ಒಪ್ಕಂಡ ಕೆಲಸ ಬಾಕಿ ಇರುವಾಗ ಯೋಳಂಗಿಲ್ಲ. ಈಗ ಮುಗ್ದದಲ್ಲ."

ಯಶೋದ ಟ್ಯಾಬಿನಲ್ಲಿ ‘ಮುಗಿಯಿತು’ ಎಂದು ಒತ್ತಿದಳು. ಗುರುಸಿದ್ದಮ್ಮ ಬಟ್ಟೆ ಕತ್ತರಿಸಿ, ಲಾಳಿ ಎತ್ತಿಕೊಂಡು, ಕಣ್ಣು ಮುಚ್ಚಿ ಬಾಯಿ ತೆರೆದಳು.

"ಕೆಲಸ..."

ಟಿಣ್.

ಪುಟ್ಟಮಾದಮ್ಮನ ಹೆಸರಿಗೆ ಹೊಸ ಆರ್ಡರ್. ಇದು ಸುಳ್ಳು ಆರ್ಡರ್ ಅಲ್ಲ. ಜೋಡಣೆಯ ಗುಣವೇ ಅದು. ಒಂದು ಕಡೆ ಇಟ್ಟದ್ದು ಎಲ್ಲ ಕಡೆಗೂ ಕಾಣಿಸುತ್ತದೆ. ಗಿಣಿಹಸಿರು ಸೀರೆಯ ಚಿತ್ರ ರಾತ್ರಿಯೇ ಬೆಂಗಳೂರಿನ ಕಂಪನಿಯ ದೊಡ್ಡ ಆನ್‌ಲೈನ್ ಅಂಗಡಿಗೂ ಹೋಗಿತ್ತು. ಎಲ್ಲಿಯೋ ಯಾರೋ ಅದನ್ನು ಮೆಚ್ಚಿ ಆರಿಸಿದ್ದರು. ಯಾರೂ ಮುಟ್ಟದೆಯೇ ತೆರೆಯ ಮೇಲೆ ಅಕ್ಷರ ಮೂಡಿತು. ಒಪ್ಪಿದೆ.

ಟಿಣ್. ಟಿಣ್. ಒಂದರ ಹಿಂದೆ ಒಂದು.

ಗುರುಸಿದ್ದಮ್ಮ ಲಾಳಿಯನ್ನು ಮೆಲ್ಲಗೆ ಇದ್ದಲ್ಲಿಯೇ ಇಟ್ಟಳು.

ಯಶೋದ ಆ ಸೀರೆಯನ್ನು ಅಂಗಡಿಯಿಂದ ತೆಗೆದಳು. ಹೊಸಬರಿಗೆ ಕಾಣದಾಯಿತು, ನಿಜ. ಆದರೆ ಅಷ್ಟರಲ್ಲಿ ಬಂದಿದ್ದ ನೂರಾರು ಆರ್ಡರುಗಳು ಹೋಗಲಿಲ್ಲ. ಅವು ನಡುವಿನ ತಂತ್ರಾಂಶದಲ್ಲಿ ಕುಳಿತಿದ್ದವು. ಅದರ ಬೀಗದ ಕೈ ಬೆಂಗಳೂರಿನಲ್ಲಿತ್ತು. ಒಂದು ಮುಗಿದರೆ ಮುಂದಿನದು ಮಗ್ಗಕ್ಕೆ ಇಳಿಯುತ್ತಿತ್ತು. ಬೇರೊಬ್ಬರು ಆ ಮಗ್ಗಕ್ಕೆ ಕೂರಲು ಒಪ್ಪಲಿಲ್ಲ. ಯಶೋದ ಟ್ಯಾಬನ್ನೇ ಆಫ್ ಮಾಡಿದಳು. ಆದರೂ ಅಂದು ರಾತ್ರಿ ಕತ್ತಲ ಶೆಡ್ಡಿನೊಳಗಿಂದ ಟಿಣ್ ಎಂದು ಕೇಳಿಸಿತು... ಆಮೇಲೆ ಕಿರ್ರ್. ಸುರ್ರ್. ಟಕ್.

ಮರುದಿನ ರುದ್ರಸ್ವಾಮಿ ಬಂದರು. ಚಪ್ಪಲಿ ಬಿಟ್ಟು ಮಗ್ಗದ ಮುಂದೆ ನಿಂತರು. ಬಟ್ಟೆಯನ್ನು ಮುಟ್ಟಲು ಹೋದ ಕೈಯನ್ನು ಹಿಂದಕ್ಕೆ ಎಳೆದುಕೊಂಡು ಹಣೆಯ ವಿಭೂತಿ ಮುಟ್ಟಿಕೊಂಡರು.

"ಜೋಡಣೆ ಕಿತ್ತುಬುಡಿ ಸಾ," ಎಂದಳು ಯಶೋದ. "ನಿಮ್ ಕಾಲಿಗ್ ಬೀಳ್ತೀನಿ."

"ಕಿತ್ರೆ ಕಂಪನಿಯೋರು ಓಯ್ತಾರೆ ಕಣವ್ವ. ಶೆಡ್ಡೇ ನಿಂತೋಯ್ತದೆ. ಇಲ್ಲಿ ಕೂತಿರೋರ್ನ ಕೇಳು. ಇವ್ರು ಕೀಳು ಅಂದ್ರೆ ಈಗ್ಲೇ ಕೀಳ್ತೀನಿ."

ಯಶೋದ ತಿರುಗಿ ನೋಡಿದಳು. ಒಬ್ಬರೂ ತಲೆ ಎತ್ತಲಿಲ್ಲ. ಗುರುಸಿದ್ದಮ್ಮ ನೂಲಿನ ಎಳೆ ಹುಡುಕುವವಳ ಹಾಗೆ ಮಗ್ಗದ ಮೇಲೆ ಬಗ್ಗಿದಳು.

ಯಶೋದ ಬೆಂಗಳೂರಿನ ಕಂಪನಿಗೆ ಫೋನ್ ಮಾಡಿದಳು. ಒಬ್ಬ ಹೆಂಗಸು ಬಹಳ ಮರ್ಯಾದೆಯಿಂದ ಮಾತನಾಡಿದಳು.

"ಕ್ಯಾನ್ಸಲ್ ಆಗಲ್ಲ ಮೇಡಂ. ವೀವರ್ ಒಪ್ಕೊಂಡಿದ್ದಾರೆ ಅಂತ ತೋರಿಸ್ತಾ ಇದೆ."

"ಅವರು ತೀರಿಕೊಂಡಿದ್ದಾರೆ ಮೇಡಂ."

ಆ ಕಡೆ ಕೀಲಿಮಣೆಯ ಸದ್ದು ನಿಂತಿತು... ಮತ್ತೆ ಶುರುವಾಯಿತು.

"ಸಾರಿ ಮೇಡಂ. ಹಾಗಿದ್ರೆ ಬೇರೆ ಹೆಸರು ಹಾಕಿ. ಖಾಲಿ ಬಿಡೋ ಹಾಗಿಲ್ಲ."

ಯಶೋದ ಕಂಪ್ಯೂಟರಿನ ಮುಂದೆ ಕುಳಿತಳು. ಆ ಜಾಗಕ್ಕೆ ಯಾರ ಹೆಸರನ್ನು ತಾನೇ ಹಾಕುವುದು? ‘ಪುಟ್ಟಮಾದಮ್ಮ’ ಎಂಬುದನ್ನು ಅಕ್ಷರ ಅಕ್ಷರವಾಗಿ ಅಳಿಸಿ ತನ್ನ ಹೆಸರನ್ನು ಬರೆದಳು. ಕೆಲಸ ತನ್ನ ತಲೆಗೆ ಬರಲಿ, ಅವ್ವನಿಗೆ ಬಿಡುವಾಗಲಿ. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಅಂದು ರಾತ್ರಿ ಅವಳು ಬಾವಿಯ ಕಟ್ಟೆಗೆ ಒರಗಿ ನಿಂತಳು. ಶೆಡ್ಡು ಸುಮ್ಮನಿತ್ತು. ನಾಯಿಯೂ ಬೊಗಳಲಿಲ್ಲ. ಆಯಿತು, ಅವ್ವ ಎದ್ದಳು ಎಂದುಕೊಂಡಳು. ಅಳು ಬಂತು.

ಟಿಣ್.

ಕಿರ್ರ್... ಸುರ್ರ್... ಟಕ್. ಧಡ್. ಧಡ್... ಧಪ್.

ಅದೇ ಕೈ. ಅದೇ ಸವೆದ ಭುಜ. ಆಮೇಲೆ ಒಂದು ತಡೆ. ಆ ತಡೆಯಲ್ಲಿ ಬೇರೊಂದು ಸದ್ದು. ತುಳಿಮಣೆಯನ್ನು ಯಾರೋ ತಪ್ಪಿ ತುಳಿದರು. ಲಾಳಿ ಅರ್ಧಕ್ಕೆ ಹೋಗಿ, ಹಾಸಿನಿಂದ ಜಾರಿ, ಠಣ್ ಎಂದು ನೆಲಕ್ಕೆ ಬಿತ್ತು. ಉರುಳಿತು. ಹೊಸದಾಗಿ ಕಲಿಯುವವರ ಕೈಯಿಂದ ಬೀಳುವ ಹಾಗೆ.

ಒಳಗೆ ಯಾರೋ ನಿಟ್ಟುಸಿರುಬಿಟ್ಟರು. ಪಿಸುಮಾತು ಕೇಳಿಸಿತು. ತಾಯಿಯದೇ.

"ಎತ್ಕೊ... ಇನ್ನೊಂದ್ಸಲ ಎಸಿ."

ಯಶೋದ ಹೊರಗೇ ನಿಂತಿದ್ದಳು. ಬಾವಿಯ ಕಟ್ಟೆಯ ಕಲ್ಲು ಬೆನ್ನಿಗೆ ಒತ್ತುತ್ತಿತ್ತು. ಬೆಳಗಾಗುವವರೆಗೂ ಅವಳು ಅಲ್ಲಿಂದ ಕದಲಲಿಲ್ಲ. ಹಾಲಿಗೆ ಹೋದವರು ಅವಳನ್ನು ಅಲ್ಲಿಯೇ ಕಂಡಿದ್ದಾರೆ.

ಬೆಳಿಗ್ಗೆ ಗುರುಸಿದ್ದಮ್ಮ ಸೆರಗಿನ ಅಂಚನ್ನು ಬೆಳಕಿಗೆ ಹಿಡಿದಳು. ಹಸಿರು ಗಂಟು ಎರಡಿದ್ದವು.

"ಇದು ಅವ್ಳುದು," ಎಂದಳು. "ಇದು... ಒಸಾ ಕೈ." ಆಮೇಲೆ ಯಶೋದಳ ಬಲಗೈಯನ್ನು ಹಿಡಿದು ಮಗುಚಿದಳು. ಅಂಗೈಯ ಅಡ್ಡಕ್ಕೆ ಕೆಂಪು ಬರೆ ಎದ್ದಿತ್ತು. ಲಾಳಿ ಓಡಿಸುವ ಹಗ್ಗವನ್ನು ಎಳೆದೆಳೆದವರಿಗೆ ಏಳುವ ಹಾಗೆ. ಮುದುಕಿ ಆ ಕೈಯನ್ನು ಮುಚ್ಚಿ, ತನ್ನ ಎರಡು ಕೈಯೊಳಗೆ ಇಟ್ಟುಕೊಂಡಳು.

"ಬ್ಯಾಡ ಬ್ಯಾಡ ಅಂತಿದ್ಲಲ್ಲವ್ವಾ ನಿಮ್ಮವ್ವ... ಈಗ ಕಲಿಸ್ತಾವ್ಳೆ."

ಯಶೋದ ಈಗಲೂ ಅದೇ ಕಚೇರಿಗೆ ಹೋಗುತ್ತಾಳೆ. ಅವಳು ಮಗ್ಗಕ್ಕೆ ಕುಳಿತದ್ದನ್ನು ಕಂಡವರು ಇಲ್ಲಿಯವರೆಗೆ ಒಬ್ಬರೂ ಇಲ್ಲ. ಅಂಗೈಯ ಬರೆ ಮಾತ್ರ ಜಡ್ಡುಗಟ್ಟಿದೆ. ಮೂಲೆಯ ಮಗ್ಗದ ಸೀರೆಗಳು ಪೆಟ್ಟಿಗೆಯೊಳಗೆ ಮಡಿಸಿ ಹೋಗುತ್ತಲೇ ಇವೆ. ಕಟ್ಟಿ ಹೇಳಿದ ಮಾತಾದರೆ ಇಷ್ಟು ಹೊತ್ತಿಗೆ ಎಲ್ಲಿಯಾದರೂ ಎಡವಬೇಕಿತ್ತು, ಇದು ನಡೆದದ್ದು. ಗಿಣಿಹಸಿರು ಸೀರೆ ಕೊಂಡವರು ಸೆರಗಿನ ಅಂಚನ್ನು ಮಗುಚಿ ನೋಡಲಿ. ಗಂಟು ಎರಡಿರುತ್ತವೆ. ಮೊದಮೊದಲಿನ ಸೀರೆಗಳಲ್ಲಿ ಎರಡನೆಯದು ಸಡಿಲ.

ಈಚಿನವುಗಳಲ್ಲಿ ಎರಡೂ ಬಿಗಿಯಾಗಿವೆ.