ಮುಟ್ಟದೆ ಬಿಟ್ಟ ಸಾಲು

ಎಂಬತ್ತು ಕೆಜಿ ಬೇರಿನ ಮೂಟೆಯನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ನಾಲ್ಕು ಮಹಡಿ ಹತ್ತಿದವನು ನಾನು. ನೋಡಿದವರು ಮೂವರು. ಮೂವರೂ ತೀರಿಕೊಂಡರು. ನಂಬಿಕೆ ಇಲ್ಲದಿದ್ದರೆ ಹೋಗಿ ಅವರನ್ನೇ ಕೇಳಿಕೊಂಡು ಬನ್ನಿ. ನಾನು ಹೇಳ್ತಾ ಹೋಗ್ತೀನಿ, ಮೊಮ್ಮಗಳು ಬರೀತಾಳೆ. ನನಗೆ ಅಕ್ಷರ ಬರಲ್ಲ. ಸುಳ್ಳೂ ಬರಲ್ಲ.

ಆ ಬೇರು ಹೋಗ್ತಿದ್ದದ್ದು ಒಂದು ಲ್ಯಾಬಿಗೆ. ಅಲ್ಲಿ ಒಬ್ಬರು ಮೇಡಂ ಬೇರು ಅರೆದು, ಹಸಿರು ರಸ ತೆಗೆದು, ಕ್ಯಾನ್ಸರ್ ಜೀವಕಣಗಳ ಮೇಲೆ ಹಾಕಿ ಸಾಯ್ತವಾ ಅಂತ ನೋಡೋರು. ಕಣಗಳು ಒಬ್ಬ ಬಟ್ಟೆ ಹೊಲಿಯೋ ಹೆಂಗಸಿನ ಗಡ್ಡೆಯಿಂದ ತೆಗೆದವು. ಅವಳು ಸತ್ತು ಇಪ್ಪತ್ತು ವರ್ಷ. ಗಡ್ಡೆ ಮಾತ್ರ ಸೀಸೆಯೊಳಗೆ ಬೆಳೀತಾನೇ ಇತ್ತು... ಬೆಳೀತಾನೇ ಇತ್ತು.

ನನ್ನ ಚಿಕ್ಕಪ್ಪನ ಮಗ ಅಲ್ಲಿ ಗಾಜು ತೊಳೆಯೋನು. ಯಾವಾಗಲೂ ತುದಿಗಾಲಲ್ಲಿ ನಿಂತಿರೋನು ಅಂತ ಅವನನ್ನು ಅವಸರಪ್ಪ ಅಂತಿದ್ವಿ. ಅವನ ಹೆಂಡತಿಯ ಎದೆಯಲ್ಲೂ ಒಂದು ಗಂಟು. ಡಾಕ್ಟರು ಕೊಯ್ಯಬೇಕು ಅಂದಿದ್ದರು, ಅವಳು ಹೆದರಿ ಒಪ್ಪಿರಲಿಲ್ಲ.

"ಮೇಡಂ, ಔಷಧಿ ಯಾವಾಗ ಆಗುತ್ತೆ?" ಅಂತ ದಿನಾ ಇವನ ಕಾಟ.

"ತಟ್ಟೆಯಲ್ಲಿ ಸತ್ತರೆ ಔಷಧಿ ಆಗಲ್ಲಪ್ಪ. ಸೀಮೆಎಣ್ಣೆ ಹಾಕಿದರೂ ಸಾಯ್ತವೆ. ಮೊದಲು ಆಯಮ್ಮನ ಆಪರೇಷನ್ ಮಾಡಿಸು."

ಕೇಳೋ ಜಾತಿಯವನಾ ಅವನು?

ಅವತ್ತು ಕತ್ತಲಾದ ಮೇಲೆ ಮನೆಗೆ ಹೊರಟ. ಹಾಳುಬಾವಿ ದಾಟುವಾಗ ಫಕ್ಕನೆ ನೆನಪಾಯ್ತು... ಗುಳಿಗಳಿರೋ ತಟ್ಟೆಯಲ್ಲಿ ಎಂಟು ಸಾಲು. ಮೇಡಂ ಏಳು ಸಾಲಿಗೆ ಮಾತ್ರ ರಸ ಹಾಕಿದ್ದರು. ಎಂಟನೇದು ಮರೆತಿದ್ದಾರೆ! ಪೆದ್ದ. ಹೋಲಿಸಿ ನೋಡೋದಕ್ಕೆ ಅಂತಲೇ ಒಂದು ಸಾಲು ಮುಟ್ಟದೆ ಬಿಡ್ತಾರೆ. ಇವನಿಗೆ ಅದು ಗೊತ್ತಿಲ್ಲ. ಎಲ್ಲಾ ಸತ್ತರೆ ಔಷಧಿ ಬೇಗ ಬರುತ್ತೆ, ಹೆಂಡತಿ ಉಳೀತಾಳೆ ಅಂತ ವಾಪಸ್ ತಿರುಗಿದ.

ಬಾವಿಯೊಳಗೆ ಸದ್ದು... ಟಕಟಕಟಕ... ಹೊಲಿಗೆ ಮಿಷನ್ ತುಳಿದ ಹಾಗೆ.

ನಿಲ್ಲಲಿಲ್ಲ. ಲ್ಯಾಬಿನ ಬೀಗ ತೆಗೆದ. ಎಂಟನೇ ಸಾಲಿನ ಹನ್ನೆರಡು ಗುಳಿ, ಹನ್ನೆರಡು ತೊಟ್ಟು ರಸ. ಟಪ್... ಟಪ್... ಹನ್ನೆರಡನೇದು ಬಿತ್ತು.

ಬೆನ್ನ ಹಿಂದೆ... ಟಕಟಕಟಕ.

"ಯಾರು?"

"ಆ ಒಂದು ಸಾಲಲ್ಲಿ ಉಸಿರಾಡ್ತಿದ್ದೆ." ಹೆಂಗಸಿನ ಪಿಸುದನಿ. "ಅದನ್ನೂ ಯಾಕೆ ಮುಟ್ಟಿದೆ?"

"ನನ್ನ... ಹೆಂಡತಿಗೋಸ್ಕರ, ತಾಯಿ..."

"ನಾನೂ ಒಬ್ಬನ ಹೆಂಡತಿನೇ."

ಕೂದಲು ಹಿಡಿದು ಅವನ ಮುಖವನ್ನು ಗಾಜಿನ ಬಾಗಿಲಿಗೆ ಅಪ್ಪಳಿಸಿದಳು. ಫಳಾರ್! ಮತ್ತೆ. ಮತ್ತೆ. ಮೂಗು ಕರಕ್ ಅಂತು. ರಸ ಹಾಕಿದ ಬಲಗೈಯನ್ನು ಮೇಜಿಗೆ ಒತ್ತಿ ಬೆರಳು ಒಂದೊಂದಾಗಿ ಮುರಿದಳು. ಲಟ್... ಲಟ್... ಒಣಕಡ್ಡಿ ಮುರಿದ ಹಾಗೆ. ಬಿಸಿ ರಕ್ತ ಕಣ್ಣಿಗೆ ಇಳೀತು. ಕೂಗೋಕೆ ಬಾಯಿ ತೆರೆದ. ನಾಲಿಗೆ ಹಿಡಿದು ಎಳೆದಳು...

ಟಕಟಕಟಕಟಕಟಕ.

ಬೆಳಿಗ್ಗೆ ಮೇಡಂ ಬಂದಾಗ ರಕ್ತದ ಮಡುವಿನಲ್ಲಿ ಬಿದ್ದಿದ್ದ. ನಾಲಿಗೆಯ ಮೇಲೆ ಹನ್ನೆರಡು ತೂತು, ಅಳತೆ ಇಟ್ಟ ಹಾಗೆ ಸಾಲಾಗಿ. ಆಮೇಲೆ ಸಾಯೋವರೆಗೂ ಅವನ ಬಾಯಿಂದ ಒಂದು ಮಾತು ಹೊರಡಲಿಲ್ಲ.

ಅವನ ಹೆಂಡತಿ ಮನಸ್ಸು ಗಟ್ಟಿ ಮಾಡಿಕೊಂಡಳು. "ನಾನೂ ಹೋದರೆ ಈ ಮನುಷ್ಯನಿಗೆ ತುತ್ತು ಇಡೋರು ಯಾರು?" ಅಂತ ಮುಂದಿನ ವಾರವೇ ಆಪರೇಷನ್ ಮಾಡಿಸಿಕೊಂಡಳು. ಉಳಿದಳು.

ಆ ತಟ್ಟೆನಾ? ಏಳು ಸಾಲಿನ ಕಣಗಳೂ ಸತ್ತಿದ್ದವು. ಎಂಟನೇ ಸಾಲಿನ ಗುಳಿಗಳಲ್ಲಿ ಬೇರಿನ ಹಸಿರು ಹಾಗೇ ಇತ್ತು. ಕಣಗಳು ಮಾತ್ರ ಬದುಕಿದ್ದವು, ಕಿಕ್ಕಿರಿದು. ಮೇಡಂ ಮೂರು ಸಲ ನೋಡಿದರು. ಮೂರು ಸಲವೂ ಅಷ್ಟೇ. ನಡೆದದ್ದನ್ನೇ ಹೇಳಿದೀನಿ, ಒಂದಕ್ಷರ ಸೇರಿಸಿಲ್ಲ.

ಮೊಮ್ಮಗಳ ಪೆನ್ನು ನಿಂತಿತು.

"ತಾತ, ಅವನು ಮಾತೇ ಆಡಲಿಲ್ಲ ಅಂದೆ. ದೆವ್ವ ಆಡಿದ ಮಾತು ನಿನಗೆ ಹೇಗೆ ಗೊತ್ತಾಯ್ತು?"

"ಎಡಗೈಯಲ್ಲಿ ಬರೆದುಕೊಟ್ಟ."

"ನಿನಗೆ ಓದೋಕೆ ಬರಲ್ವಲ್ಲ!"

ನಾನು ಕಂಬಳಿ ಎಳೆದುಕೊಂಡೆ. ದೀಪ ಆರಿಸು ಅಂದೆ.