ಖೆರ್ಸನ್ನಿನ ಕಲ್ಲಂಗಡಿ

ಬ್ಯಾಡ ಕಲ್ಯಾಣಿ ಅಕ್ಕಾರ, ಬ್ಯಾಡ! ಕಲ್ಲಂಗಡಿ ಹೆಸರು ಸೈತ ತಗೀಬ್ಯಾಡ್ರಿ. ಮೂರು ವಾರ ಅದನ್ನ ಕೇಳಿ ಕೇಳಿ ಕಿವಿ ತೂತು ಬಿದ್ದಾವ. “ರುಕಿಯಾ, ನಮ್ಮ ಖೆರ್ಸನ್ನಿನ ಕಲ್ಲಂಗಡಿ ನೀ ತಿನ್ನಬೇಕಿತ್ತು...” ಮತ್ಯಾರು? ಆ ಯುಕ್ರೇನಿನ ಹಲೀನಾ. ಜರ್ಮನ್ ಕ್ಲಾಸಿನ್ಯಾಗ ನನ್ನ ಜೋಡಿ.

ಯಾಕ ನಗ್ತೀರಿ? ನೀವು ಡಾಕ್ಟರ್, ಈ ಜರ್ಮನಿಗೆ, ವೋಲ್ಫ್ಸ್‌ಬುರ್ಗಿಗೆ ಬಂದು ಮೂವತ್ತು ವರ್ಷ ಆತು. ನಾನು ಬರೇ ಹತ್ತನೇ ಕ್ಲಾಸ್ ಓದಿದಾಕಿ. ಶನಿವಾರ ಪರೀಕ್ಷಾ. ಪಾಸಾದ್ರ ನಮ್ಮ ಮಗಳು ಅಫ್ಶೀನ್ ಹೋಗೋ ಬಾಲವಾಡಿ ಅಡಿಗಿಮನ್ಯಾಗ ಕೆಲಸ, ಇಲ್ಲಾಂದ್ರ ಇಲ್ಲ. ಅದೂ ಜೋಡಿಲೇ ಮಾತಾಡೋ ಪರೀಕ್ಷಾ! ನಮ್ಮ ಟೀಚರಿಗೆ ಒಂದು ಫೋನ್ ಮಾಡ್ರಿ. ನನ್ನ ಜೋಡಿ ಬದಲ್ ಮಾಡ್ಸ್ರಿ.

ಕಾರಣ? ಆಕಿ ಬಡಾಯಿ ರೀ, ಬಡಾಯಿ! ಒಬ್ಬರ ಊರಿನ ಬಗ್ಗೆ ಇನ್ನೊಬ್ಬರು ಹೇಳಬೇಕಂತ ಟೀಚರ್ ಹಚ್ಚಿದಳು. ಆಕಿ ಊರು ನಾನು ಬಾಯಿಪಾಠ ಮಾಡಿದೆ. ಯಾವಕಿನೋ ರಾಣಿ ಕಟ್ಟಿಸಿದ್ದಂತ, ಸಾವಿರದ ಏಳುನೂರಾ ಎಪ್ಪತ್ತೆಂಟರಾಗ. ಕ್ವಾಟಿ ಇತ್ತಂತ. ಕ್ವಾಟಿ ಯಾವ ಊರಾಗಿಲ್ಲ? ಹಡಗು ಕಟ್ತಿದ್ರಂತ. ಕಟ್ಟಲಿ! ದ್ನಿಪ್ರೋ ಅಂತ ಹೊಳಿ, ಸಮುದ್ರದಷ್ಟು ಅಗಲಂತ. ಮತ್ತ ನಮ್ಮ ಘಟಪ್ರಭಾ ಏನು ಗಟಾರಾ? ರಷ್ಯಾದವರು ಎಂಟು ತಿಂಗಳು ಊರು ಹಿಡಕೊಂಡು ಕುಂತಿದ್ರಂತ. ಅವರು ಹೋದ ಮ್ಯಾಲ ಜನ ಬೀದ್ಯಾಗ ಕುಣಿದ್ರಂತ. ಮುಂದಿನ ವರ್ಷ ಮ್ಯಾಲಿನ ಡ್ಯಾಮ್ ಒಡೆದು ಹೊಳಿ ಊರಾಗ ಬಂತು... ಅದೊಂದು ಹೇಳಬ್ಯಾಡ ಅಂದಿದ್ಲು.

ಹೇಳಲಿಲ್ಲ. ಅಂದ್ರ... ಸ್ವಲ್ಪ ಹೇಳಿದೆ. ಹಂಗ್ಯಾಕ ನೋಡ್ತೀರಿ? ಅಷ್ಟಕ್ಕ ಎದ್ದು ಹೋಗ್ತಾರೇನು, ಚೀಲ ತಗೊಂಡು? ಸೊಕ್ಕು!

ಅದಿರಲಿ, ಇಷ್ಟು ದೊಡ್ಡ ಹಣ್ಣು ಎಲ್ಲಿ ಸಿಕ್ತು ನಿಮಗ? ತುರ್ಕಿಯವರ ಅಂಗಡ್ಯಾಗ? ಅಲ್ಲ? ಸಂತ್ಯಾಗ? ...ಅಕ್ಕಾರ? ನೀವು ಒಬ್ಬರೇ ಇರೋದು, ಇಷ್ಟು ದೊಡ್ಡದು...

ಯಾರು ತಂದ್ರು?

ಹಲೀನಾ ಬಂದಿದ್ಲಾ?

...ನನಗಂತ ಕೊಟ್ಟು ಹೋದ್ಲಾ?

ಹಂಗಾರ ಎಲ್ಲಾ ಗೊತ್ತೈತಿ ನಿಮಗ. “ನಮ್ಮ ಬಾಗಲಕೋಟಿನೂ ಡ್ಯಾಮಿನ ನೀರಾಗ ಮುಳುಗೈತಿ. ನಾವೇನು ಹಿಂಗ ಕಂಡಕಂಡಲ್ಲಿ ಅಳಂಗಿಲ್ಲ” ಅಂದೆ ರೀ. ಇಡೀ ಕ್ಲಾಸಿನ ಮುಂದ. ಆಕಿ ತಾಯಿ ಆ ನೀರಾಗ ಹೋಗ್ಯಾಳ ಅಂತ ನನಗ ಗೊತ್ತಿತ್ತು. ಗೊತ್ತಿದ್ದೇ ಅಂದೆ.

ನಮಗ ಮುಳುಗಡಿ ನೋಟೀಸ್ ಮೊದಲೇ ಬಂದಿತ್ತು ಅಕ್ಕಾರ. ನಮ್ಮ ಅಬ್ಬಾ ಮನಿ ಬಾಗಿಲಾ, ಚೌಕಟ್ಟು ಸೈತ ಕಿತ್ತು ಟ್ರ್ಯಾಕ್ಟರಿಗೆ ಹೇರಿದ್ರು. ಅಷ್ಟು ಪುರುಸೊತ್ತು ಇತ್ತು ನಮಗ. ಆದ್ರೂ ಹೊಸಾ ಮನ್ಯಾಗ ನಮ್ಮ ದಾದಿ, ಅಪ್ಪನ ತಾಯಿ, ಆ ಬಾಗಿಲಾ ಹಿಡಕೊಂಡು ವರ್ಷಗಟ್ಟಲೆ ಅತ್ತಳು.

ಫೋನ್ ಇಡ್ರಿ. ಟೀಚರಿಗೆ ಏನೂ ಹೇಳಬ್ಯಾಡ್ರಿ.

ಒಂದು ಹೋಳು ಕೊಡ್ರಿ.